ನವೆಂಬರ್ ಚಳಿಯಲ್ಲಿ ಹಗಲು ಹೊತ್ತು ಹುಲ್ಲಿನ ಮೇಲೆ ಹೆಡ್ಜ್‌ಹಾಗ್ ಮರಿ ಬಿದ್ದಿದೆ. ಒಳಗೆ ತರಬೇಕಾ, ಬಿಡಬೇಕಾ?

ಮಾನಸ, ಮಿಲ್ಟನ್ ಕೀನ್ಸ್
ಶನಿವಾರ, ಬೆಳಗ್ಗೆ 11:20

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟ್ ಇದೆ, ಗೊತ್ತಿರುವವರು ದಯವಿಟ್ಟು ಹೇಳಿ.

ನಮ್ಮ ಹಿತ್ತಲಲ್ಲಿ, ಬೇಲಿ ಪಕ್ಕದ ಕಾಂಪೋಸ್ಟ್ ಡಬ್ಬದ ಹತ್ತಿರ ಒಂದು ಪುಟ್ಟ ಹೆಡ್ಜ್‌ಹಾಗ್, ಬೆನ್ನ ತುಂಬ ಮುಳ್ಳಿರುವ ಚಿಕ್ಕ ಪ್ರಾಣಿ, ಇದೆ. ತರಕಾರಿ ಸಿಪ್ಪೆ ಹಾಕಲು ಹೋದಾಗ ಕಣ್ಣಿಗೆ ಬಿತ್ತು. ಒಂದು ಮೂಸಂಬಿಯಷ್ಟು ದಪ್ಪ ಇರಬಹುದು, ಅಷ್ಟೇ. ನೆರಳಿರುವ ಕಡೆ ಹುಲ್ಲಿನ ಮೇಲೆ ಇಬ್ಬನಿ ಇನ್ನೂ ಹೆಪ್ಪುಗಟ್ಟಿಕೊಂಡೇ ಇದೆ, ಅಂಥ ಚಳಿ. ಇದು ಸ್ವಲ್ಪ ಬಿಸಿಲು ಬಿದ್ದಿರುವ ಜಾಗದಲ್ಲಿ ಒಂದು ಮಗ್ಗುಲಾಗಿ ಮಲಗಿದೆ. ಹತ್ತಿರ ಹೋದರೆ ಎದ್ದು ನಾಲ್ಕು ಹೆಜ್ಜೆ ಇಡುತ್ತದೆ, ಹಿಂಗಾಲು ಓಲಾಡುತ್ತವೆ, ಮತ್ತೆ ಕೂತುಬಿಡುತ್ತದೆ. ಪೂರ್ತಿ ಉಂಡೆಯಾಗಿ ಸುತ್ತಿಕೊಳ್ಳುತ್ತಿಲ್ಲ, ಮೂತಿ ಹೊರಗೇ ಇದೆ. ಮೈ ಮೇಲೆ ಗಾಯ ಏನೂ ಕಾಣಿಸುತ್ತಿಲ್ಲ.

ನಮ್ಮವರು ಹೇಳುವುದು, ಇದು ಚಳಿಗಾಲ ಪೂರ್ತಿ ನಿದ್ದೆ ಮಾಡುವ ಪ್ರಾಣಿ, ಅದರ ನಿದ್ದೆ ಕೆಡಿಸಬಾರದು, ಅದರ ಪಾಡಿಗೆ ಬಿಡು ಅಂತ. ಹಾಸನದಿಂದ ಬಂದಿರುವ ಅತ್ತೆಗೆ ಜೀವ ತಡೆಯುತ್ತಿಲ್ಲ. ಉಗುರುಬೆಚ್ಚಗಿನ ಹಾಲು ಬಟ್ಟಲಲ್ಲಿ ಹಿಡಿದು ಹಿಂಬಾಗಿಲಲ್ಲೇ ನಿಂತಿದ್ದಾರೆ. ಮಗಳು ಒಳಗೆ ತರೋಣ ಅಂತ ಒಂದೇ ಹಟ. ಕಾಡುಪ್ರಾಣಿಯನ್ನು ಮನೆಯೊಳಗೆ ತಂದರೆ ಇಲ್ಲಿ ಇಂಗ್ಲೆಂಡಿನ ಕಾನೂನು ಏನನ್ನುತ್ತದೋ ಅನ್ನುವ ಭಯವೂ ಇದೆ. ಏನು ಮಾಡಲಿ?

ಕಾಫಿಬೀಜ, ಬರ್ಮಿಂಗ್‌ಹ್ಯಾಮ್
ಶನಿವಾರ, ಬೆಳಗ್ಗೆ 11:26

ಹಾಲು ಬೇಡವೇ ಬೇಡ. ಮೊದಲು ಒಳಗೆ ತನ್ನಿ, ಬೆಚ್ಚಗಿಡಿ. ಕಳೆದ ವರ್ಷ ನಮ್ಮ ಬೀದಿಯಲ್ಲಿ ಒಂದು ಸಿಕ್ಕಿತ್ತು. ಆಗ ಹಿತ್ತಲಮನೆ ಅವರೇ ದಾರಿ ತೋರಿಸಿದ್ದು. ಅವರಿಗೆ ಮೆಸೇಜ್ ಹಾಕಿದ್ದೇನೆ, ಈಗ ಬರುತ್ತಾರೆ.

ಹಿತ್ತಲಮನೆ, ಶೆಫೀಲ್ಡ್
ಶನಿವಾರ, ಬೆಳಗ್ಗೆ 11:41

ಮಾನಸ ಅವರೇ, ಓದುತ್ತಾ ಕೂರಬೇಡಿ. ಮೊದಲು ಅದನ್ನು ಎತ್ತಿ ಒಳಗೆ ತನ್ನಿ, ಆಮೇಲೆ ಉಳಿದದ್ದು ಓದಿ.

ತೋಟದ ಕೆಲಸದ ದಪ್ಪ ಗ್ಲೌಸ್ ಇದ್ದರೆ ಹಾಕಿಕೊಳ್ಳಿ. ಇಲ್ಲದಿದ್ದರೆ ಟವೆಲ್ ಮಡಚಿ ಅದರಲ್ಲೇ ಬಾಚಿ ಎತ್ತಿ. ಕೈ ತುಂಬ ಹಿಡಿದು ಹೊಟ್ಟೆ ಕೆಳಗಿಂದ ಎತ್ತಿದರೆ ಅದಕ್ಕೂ ನೋವಾಗಲ್ಲ, ನಿಮಗೂ ಚುಚ್ಚಲ್ಲ. ಎತ್ತರದ ರಟ್ಟಿನ ಪೆಟ್ಟಿಗೆ ತಗೊಳ್ಳಿ. ಇವು ಚೆನ್ನಾಗಿ ಹತ್ತುತ್ತವೆ. ಸ್ವಲ್ಪ ಚೇತರಿಸಿಕೊಂಡ ಕೂಡಲೇ ಗಿಡ್ಡ ಪೆಟ್ಟಿಗೆಯಿಂದ ಆಚೆ ಬಂದು ಫ್ರಿಜ್ ಹಿಂದೆ ಸೇರಿಕೊಂಡರೆ ಹುಡುಕುವುದು ಕಷ್ಟ. ತಳಕ್ಕೆ ನ್ಯೂಸ್‌ಪೇಪರ್, ಅದರ ಮೇಲೆ ಬಿಸಿನೀರಿನ ಬ್ಯಾಗ್, ಸೊಂಟನೋವಿಗೆ ಇಟ್ಟುಕೊಳ್ಳುತ್ತೇವಲ್ಲ ಅದೇ. ನಲ್ಲಿಯ ಬಿಸಿನೀರು ಸಾಕು, ಕುದಿಯುವ ನೀರು ಬೇಡ. ಬ್ಯಾಗ್‌ಗೆ ಟವೆಲ್ ಸುತ್ತಿ, ಪೆಟ್ಟಿಗೆಯ ಅರ್ಧ ಭಾಗದಲ್ಲಿ ಮಾತ್ರ ಇಡಿ. ಬಿಸಿ ಜಾಸ್ತಿ ಆಯಿತು ಅನ್ನಿಸಿದರೆ ಅದೇ ಆ ಕಡೆ ಸರಿದುಕೊಳ್ಳಲಿ. ಬ್ಯಾಗ್ ಇಲ್ಲದಿದ್ದರೆ ಕೋಲಾ ಬಾಟಲಿಗೆ ಬಿಸಿನೀರು ತುಂಬಿದರೂ ಆಗುತ್ತದೆ. ಮೇಲೆ ಒಂದು ಫ್ಲೀಸ್ ಬಟ್ಟೆ ಹೊದಿಸಿ. ದಾರ ಕಿತ್ತುಬಂದಿರುವ ಹಳೇ ಟವೆಲ್ ಬೇಡ, ದಾರ ಕಾಲಿಗೆ ಸುತ್ತಿಕೊಂಡರೆ ರಕ್ತ ಓಡಾಟವೇ ನಿಂತುಹೋಗುತ್ತದೆ.

ಬ್ಯಾಗ್ ತಣ್ಣಗಾಗಲು ಬಿಡಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ತಣ್ಣಗಾದ ಬ್ಯಾಗ್ ಮರಿಯ ಮೈಯಲ್ಲಿ ಉಳಿದಿರುವ ಬಿಸಿಯನ್ನೇ ಎಳೆದುಕೊಳ್ಳುತ್ತದೆ. ಇಡದೇ ಇದ್ದಿದ್ದಕ್ಕಿಂತ ಕೆಟ್ಟದ್ದು ಅದು.

ಈಗ ನಿಮ್ಮ ಯಜಮಾನರ ಮಾತಿಗೆ ಬರುತ್ತೇನೆ. ನಿದ್ದೆ ಕೆಡಿಸಬಾರದು ಅನ್ನುವುದು ನಿಜ, ಆದರೆ ಇದು ಆ ನಿದ್ದೆ ಅಲ್ಲ. ಚಳಿಗಾಲದ ನಿದ್ದೆಗೆ ಹೋಗುವ ಹೆಡ್ಜ್‌ಹಾಗ್ ಬಯಲಲ್ಲಿ ಮಲಗುವುದಿಲ್ಲ. ಒಣಗಿದ ಎಲೆಗಳನ್ನು ಬಾಯಲ್ಲಿ ಕಚ್ಚಿ ತಂದು, ಪೊದೆ ಕೆಳಗೋ ಸೌದೆ ರಾಶಿ ಕೆಳಗೋ ಪದರ ಪದರವಾಗಿ ಗೂಡು ಕಟ್ಟಿ ಅದರ ನಡುವೆ ಸೇರಿಕೊಳ್ಳುತ್ತದೆ. ಮೂತಿ, ಕಾಲು ಒಂದೂ ಕಾಣದ ಹಾಗೆ ಬಿಗಿಯಾಗಿ ಸುತ್ತಿಕೊಂಡಿರುತ್ತದೆ. ಮುಟ್ಟಿದರೆ ಮುಳ್ಳು ನಿಧಾನವಾಗಿ ನಿಗುರುತ್ತದೆ. ಆ ಹೊತ್ತಲ್ಲಿ ಅದರ ಎದೆಬಡಿತ ನಿಮಿಷಕ್ಕೆ 190ರ ಆಸುಪಾಸಿನಿಂದ 20ರ ಆಸುಪಾಸಿಗೆ ಇಳಿದಿರುತ್ತದೆ. 35 ಡಿಗ್ರಿ ಇರಬೇಕಾದ ಮೈ 10 ಡಿಗ್ರಿಗಿಂತ ಕೆಳಗೆ ಬಂದಿರುತ್ತದೆ. ಅದೆಲ್ಲ ಅದರ ಹಿಡಿತದಲ್ಲೇ ನಡೆಯುವ ಕೆಲಸ. ನಿಮ್ಮ ಮರಿಯ ಮೈ ತಣ್ಣಗಾಗುತ್ತಿರುವುದು ಅದರ ಹಿಡಿತ ತಪ್ಪಿ. ಹಗಲಲ್ಲಿ ಬಿಸಿಲು ಹುಡುಕಿಕೊಂಡು ಬಂದು ಮಗ್ಗುಲಾಗಿ ಮಲಗುವುದು, ನಡೆದರೆ ಓಲಾಡುವುದು, ಪೂರ್ತಿ ಸುತ್ತಿಕೊಳ್ಳಲು ಆಗದಿರುವುದು, ಈ ಮೂರೂ ಒಟ್ಟಿಗೆ ಕಂಡರೆ ಅದಕ್ಕೆ ಸಮಯ ಜಾಸ್ತಿ ಇಲ್ಲ ಅಂತಲೇ ಅರ್ಥ. ರಾತ್ರಿ ಓಡಾಡುವ ಪ್ರಾಣಿ ಸುಮ್ನೆ ಹಗಲಲ್ಲಿ ಹುಲ್ಲಿನ ಮೇಲೆ ಕೂರುವುದಿಲ್ಲ. ಬೇಸಿಗೆಯಲ್ಲಿ ತಾಯಿ ಹೆಡ್ಜ್‌ಹಾಗ್ ಗೂಡಿಗೆ ಎಲೆ ಆರಿಸಲು ಹಗಲಲ್ಲಿ ಬಂದರೆ ಅದು ಬೇರೆ ಮಾತು. ಅದು ಚುರುಕಾಗಿ ಓಡಾಡುತ್ತಿರುತ್ತದೆ, ನೋಡಿದರೆ ಗೊತ್ತಾಗುತ್ತದೆ.

ಸೆಪ್ಟೆಂಬರ್‌ನಲ್ಲಿ ತಡವಾಗಿ ಹುಟ್ಟಿದ ಮರಿ ಇರಬೇಕು. ತಾಯಿ ಬಿಟ್ಟು ಹೋದಾಗ ಹುಳ, ಜೀರುಂಡೆ ಕಡಿಮೆಯಾಗಿರುತ್ತವೆ. ಕೊಬ್ಬು ಸೇರಿಸಿಕೊಳ್ಳಲು ಅದಕ್ಕೆ ಸಮಯವೇ ಸಿಗುವುದಿಲ್ಲ. ಪ್ರತಿ ವರ್ಷ ಅಕ್ಟೋಬರ್ ಕೊನೆಯಿಂದ ನಾನು ಹೋಗುವ ಆರೈಕೆ ಕೇಂದ್ರಕ್ಕೆ ಬರುವವು ಹೆಚ್ಚಾಗಿ ಇಂಥ ಮರಿಗಳೇ. ಒಂದೊಂದನ್ನೂ ಯಾರೋ ನಿಮ್ಮ ಹಾಗೆ ನಿಂತು ನೋಡಿದ್ದಕ್ಕೆ ತಂದಿರುತ್ತಾರೆ. ಅದರ ಪಾಡಿಗೆ ಬಿಟ್ಟಿದ್ದರೆ ಎಷ್ಟೋ ಮರಿಗಳು ಆ ರಾತ್ರಿ ಕಳೆಯುತ್ತಿರಲಿಲ್ಲ.

ಹಾಲಿನ ವಿಷಯ. ಅತ್ತೆಯವರ ಮನಸ್ಸು ದೊಡ್ಡದು, ಅವರಿಗೆ ನನ್ನ ನಮಸ್ಕಾರ ಹೇಳಿ. ಆದರೆ ಹೆಡ್ಜ್‌ಹಾಗ್‌ಗೆ ಹಸುವಿನ ಹಾಲು ಅರಗುವುದಿಲ್ಲ, ಭೇದಿಯಾಗುತ್ತದೆ. ಮೊದಲೇ ಬಳಲಿರುವ ಮರಿ ಅದರಲ್ಲೇ ಹೋಗಿಬಿಡುತ್ತದೆ. ಬ್ರೆಡ್ಡೂ ಬೇಡ, ಅನ್ನವೂ ಬೇಡ. ಇದು ನಮ್ಮೂರ ಮುಳ್ಳುಹಂದಿಯ ಹಾಗೆ ಗೆಡ್ಡೆ ಗೆಣಸು ತಿನ್ನುವ ಪ್ರಾಣಿ ಅಲ್ಲ, ಹುಳ ಹುಪ್ಪಟೆ ತಿಂದು ಬದುಕುವುದು.

ಮೈ ಬೆಚ್ಚಗಾಗುವ ತನಕ ತಿನ್ನಲು ಏನೂ ಇಡಬೇಡಿ. ಮೈ ತಣ್ಣಗಿದ್ದಾಗ ಹೊಟ್ಟೆ ಕೆಲಸವೇ ಮಾಡುತ್ತಿರುವುದಿಲ್ಲ. ಡ್ರಾಪರ್‌ನಲ್ಲೋ ಚಮಚದಲ್ಲೋ ಬಾಯಿಗೆ ನೀರು ಬಿಡುವುದಂತೂ ಬೇಡವೇ ಬೇಡ, ಶ್ವಾಸಕೋಶಕ್ಕೆ ಇಳಿದುಬಿಡುತ್ತದೆ.

ಪೆಟ್ಟಿಗೆ ಕತ್ತಲಿರುವ, ಸದ್ದಿಲ್ಲದ ಕೋಣೆಯಲ್ಲಿರಲಿ. ಮಗಳು ಒಂದು ಸಲ ನೋಡಲಿ, ಆಮೇಲೆ ಬಾಗಿಲು ಹಾಕಿ. ನಮ್ಮ ಮುಖ ಕಂಡರೆ ಅದಕ್ಕೆ ಧೈರ್ಯ ಬರುವುದಿಲ್ಲ, ಭಯವೇ ಆಗುತ್ತದೆ.

ಕಾನೂನಿಗೆ ಹೆದರಬೇಡಿ. 1981ರ ವನ್ಯಜೀವಿ ಕಾಯ್ದೆಯಲ್ಲಿ ಇವುಗಳಿಗೆ ರಕ್ಷಣೆ ಇದೆ ನಿಜ. ಆದರೆ ಕಷ್ಟದಲ್ಲಿರುವ ಪ್ರಾಣಿಯನ್ನು ಆರೈಕೆಗೆ ಅಂತ ಎತ್ತಿಕೊಳ್ಳುವುದು, ಹುಷಾರಾದ ಮೇಲೆ ಬಿಡುವುದು ತಪ್ಪಲ್ಲ. ಸಾಕಿಕೊಳ್ಳಬಾರದು ಅಷ್ಟೇ.

ಇಷ್ಟಾದ ಮೇಲೆ ಫೋನ್. ಬ್ರಿಟಿಷ್ ಹೆಡ್ಜ್‌ಹಾಗ್ ಪ್ರಿಸರ್ವೇಷನ್ ಸೊಸೈಟಿ ಅಂತ 1982ರಿಂದ ಇದೆ. ನಿಮ್ಮ ಹತ್ತಿರದಲ್ಲಿ ಯಾರು ಆರೈಕೆ ಮಾಡುತ್ತಾರೆ ಅನ್ನುವ ಮಾಹಿತಿ ಅವರ ಬಳಿ ಇರುತ್ತದೆ, ನಂಬರ್ ವೆಬ್‌ಸೈಟಿನಲ್ಲೇ ಸಿಗುತ್ತದೆ. ನಿಮ್ಮ ಬಕಿಂಗ್‌ಹ್ಯಾಮ್‌ಶೈರ್‌ನಲ್ಲೇ ಹ್ಯಾಡೆನ್‌ಹ್ಯಾಮ್‌ನಲ್ಲಿ ಟಿಗ್ಗಿವಿಂಕಲ್ಸ್ ಅನ್ನುವ ವನ್ಯಜೀವಿ ಆಸ್ಪತ್ರೆಯೂ ಇದೆ. ಬೆಚ್ಚಗೆ ಮಾಡುವುದು ಮಾತ್ರ ನಿಮ್ಮ ಕೆಲಸ. ಉಳಿದದ್ದು ಗೊತ್ತಿರುವವರ ಕೈಯಲ್ಲಿ ಆಗಬೇಕು, ಅದೂ ಇವತ್ತೇ.

ವೆಟ್‌ನರ್ಸ್, ಕಾರ್ಡಿಫ್
ಶನಿವಾರ, ಮಧ್ಯಾಹ್ನ 12:05

ಹಿತ್ತಲಮನೆ ಅಕ್ಕ ಹೇಳಿದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ. ನಾನು ಪ್ರಾಣಿಗಳ ಕ್ಲಿನಿಕ್‌ನಲ್ಲಿ ನರ್ಸ್.

ಅಡುಗೆಮನೆಯ ತಕ್ಕಡಿಯಲ್ಲಿ ಒಂದು ಡಬ್ಬ ಇಟ್ಟು ತೂಕ ನೋಡಿ. ಫೋನ್ ಮಾಡಿದ ಕೂಡಲೇ ಅವರು ಕೇಳುವುದೇ ಅದು. ಚಳಿಗಾಲ ದಾಟಬೇಕು ಅಂದರೆ ಸುಮಾರು 450 ಗ್ರಾಂಗಿಂತ ಜಾಸ್ತಿ ಇರಬೇಕು ಅನ್ನುವುದು ಈಗಿನ ಲೆಕ್ಕ. ನಿದ್ದೆಯಲ್ಲೇ ಅದರ ತೂಕದ ಮೂರನೇ ಒಂದು ಭಾಗದಷ್ಟು ಕರಗಿಹೋಗುತ್ತದೆ. ಕಡಿಮೆ ಇದ್ದರೆ ಕರಗಲು ಏನೂ ಉಳಿದಿರುವುದಿಲ್ಲ ಅಲ್ವಾ? ಆದರೆ ತೂಕ ಸರಿ ಇದ್ದ ಮಾತ್ರಕ್ಕೆ ಹೊರಗೆ ಬಿಡಬೇಡಿ. ಓಲಾಡುತ್ತಿದ್ದರೆ ತೂಕ ಎಷ್ಟೇ ಇರಲಿ, ತೋರಿಸಲೇಬೇಕು.

ಬೆಚ್ಚಗಾಗಿದೆಯಾ ಅಂತ ತಿಳಿಯಲು ದಪ್ಪ ಗ್ಲೌಸ್ ಹಾಕಿದ ಕೈ ಸಾಲದು. ತೆಳ್ಳಗಿನ ರಬ್ಬರ್ ಗ್ಲೌಸ್ ಹಾಕಿ ಹೊಟ್ಟೆಯ ಕೂದಲಿನ ಕೆಳಗೆ ಬೆರಳಿಡಿ. ನಿಮ್ಮ ಕೈಗಿಂತ ಅದು ಬೆಚ್ಚಗೆ ಅನ್ನಿಸಬೇಕು. ಹಾಗಾದ ಮೇಲೆ ಆಳವಿಲ್ಲದ ತಟ್ಟೆಯಲ್ಲಿ ನೀರು, ಜೊತೆಗೆ ಬೆಕ್ಕಿನ ಮರಿಗೆ ಹಾಕುವ ಬಿಸ್ಕತ್ತು ಅಥವಾ ಮಾಂಸದ ಕ್ಯಾಟ್‌ಫುಡ್ ಸ್ವಲ್ಪ ಇಡಿ. ನಿಮ್ಮದು ಸಸ್ಯಾಹಾರದ ಮನೆ ಆಗಿದ್ದರೆ ಬೆಕ್ಕು ಸಾಕಿರುವ ಪಕ್ಕದ ಮನೆಯವರನ್ನು ಕೇಳಿ, ಒಂದು ಹಿಡಿ ಸಾಕು. ಪೇಪರ್ ತಟ್ಟೆಯಲ್ಲಿ ಇಟ್ಟು ಆಮೇಲೆ ಎಸೆದರೆ ಅಡುಗೆಮನೆ ಪಾತ್ರೆ ಮುಟ್ಟುವ ಪ್ರಮೇಯವೇ ಬರುವುದಿಲ್ಲ. ಅಂಗಡಿಯಲ್ಲಿ ಹಕ್ಕಿಗೆ ಅಂತ ಮಾರುವ ಒಣಹುಳ, ಕಡಲೆಬೀಜ, ಸೂರ್ಯಕಾಂತಿ ಬೀಜ ಕೊಡಬೇಡಿ. ತುಂಬ ಇಷ್ಟಪಟ್ಟು ತಿನ್ನುತ್ತವೆ, ಆದರೆ ಅದರಲ್ಲಿ ರಂಜಕ ಜಾಸ್ತಿ, ಕ್ಯಾಲ್ಸಿಯಂ ಕಡಿಮೆ. ಅದನ್ನೇ ತಿಂದು ಬೆಳೆದ ಮರಿಗಳ ಮೂಳೆ ಮೆತ್ತಗಾಗಿ ಕಾಲು ಸೊಟ್ಟಗಾಗಿದ್ದನ್ನು ಕಣ್ಣಾರೆ ನೋಡಿದ್ದೇನೆ. ನೋಡಲಾಗುವುದಿಲ್ಲ.

ಕಿವಿ, ಕಣ್ಣು, ಕಂಕುಳ ಹತ್ತಿರ ಸಣ್ಣ ಅಕ್ಕಿನುಚ್ಚಿನಂಥದ್ದು ಅಂಟಿದ್ದರೆ ಅದು ನೊಣದ ಮೊಟ್ಟೆ. ಈ ಚಳಿಯಲ್ಲಿ ಇರುವ ಸಾಧ್ಯತೆ ಕಡಿಮೆ, ಆದರೂ ನೋಡಿ, ಕಂಡರೆ ಫೋನಿನಲ್ಲಿ ಹೇಳಿ. ಉಣ್ಣೆ ಕಚ್ಚಿಕೊಂಡಿದ್ದರೆ ಕೀಳಬೇಡಿ. ಕೆಮ್ಮಿನಂಥ ಸದ್ದು ಬಂದರೆ ಶ್ವಾಸಕೋಶದ ಹುಳ ಇರಬಹುದು. ಅದಕ್ಕೆ ಮನೆಮದ್ದು ಇಲ್ಲ, ತೂಕ ನೋಡಿ ಇಂಜೆಕ್ಷನ್ ಕೊಡಬೇಕು.

ಫೋನ್ ಯಾರೂ ಎತ್ತದಿದ್ದರೆ ಹತ್ತಿರದ ಯಾವುದೇ ವೆಟ್ ಕ್ಲಿನಿಕ್‌ಗೆ ಹೋಗಿ. ಕಾಡುಪ್ರಾಣಿಯಾದರೂ ತುರ್ತು ಚಿಕಿತ್ಸೆ ಕೊಡುವುದು ಇಲ್ಲಿ ಪ್ರತಿ ವೆಟ್‌ನ ಕರ್ತವ್ಯ. ಕಾಡುಪ್ರಾಣಿಗೆ ಸಾಮಾನ್ಯವಾಗಿ ದುಡ್ಡೂ ತೆಗೆದುಕೊಳ್ಳುವುದಿಲ್ಲ. ಮನೆಯವರೆಲ್ಲ ಸೋಪು ಹಾಕಿ ಕೈ ತೊಳೆದುಕೊಳ್ಳಿ. ಇವುಗಳಿಂದ ಹುಳುಕಡ್ಡಿ, ಸಾಲ್ಮೊನೆಲ್ಲಾ ಎರಡೂ ಹರಡಬಹುದು.

ಮಾನಸ, ಮಿಲ್ಟನ್ ಕೀನ್ಸ್
ಶನಿವಾರ, ಸಂಜೆ 6:50

ನಿಮಗೆಲ್ಲ ಹೇಗೆ ಥ್ಯಾಂಕ್ಸ್ ಹೇಳಲಿ ಗೊತ್ತಾಗುತ್ತಿಲ್ಲ. ಬದುಕಿದೆ!

ಹಿತ್ತಲಮನೆ ಅವರ ಮೊದಲ ಎರಡು ಸಾಲು ಓದಿದ ಕೂಡಲೇ ಹೋಗಿ ಎತ್ತಿಕೊಂಡು ಬಂದೆ. ಟವೆಲ್ ಮೇಲೆ ತಿರುಗಿಸಿದಾಗ ಹೊಟ್ಟೆ ಕಾಣಿಸಿತು. ಮುಳ್ಳೆಲ್ಲ ಬೆನ್ನಿಗೆ ಮಾತ್ರ, ಹೊಟ್ಟೆಗೆ ಒರಟು ಕಂದು ಕೂದಲು. ಪಾದ ಮಂಜಿನ ಹಾಗೆ ತಣ್ಣಗಿತ್ತು. ಒಂದೊಂದು ಮುಳ್ಳಿಗೂ ನಡುವೆ ಕಂದು ಪಟ್ಟಿ, ತುದಿ ಕೆನೆ ಬಣ್ಣ. ಇಷ್ಟು ಹತ್ತಿರದಿಂದ ಮೊದಲ ಸಲ ನೋಡಿದ್ದು. ತೂಕ 240 ಗ್ರಾಂ.

ಬಿಸಿನೀರಿನ ಬ್ಯಾಗ್ ಜವಾಬ್ದಾರಿ ಪೂರ್ತಿ ಅತ್ತೆಯದು. ಹಾಲಿನ ಬಟ್ಟಲು ಒಳಗಿಟ್ಟು, ಸ್ಟೋರ್‌ರೂಮಿನ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತುಬಿಟ್ಟರು. ತಣ್ಣಗಾಗುವ ಮುಂಚೆಯೇ ಬದಲಾಯಿಸುತ್ತಿದ್ದರು. ಬಾಣಂತಿ ಕೋಣೆ ನೋಡಿಕೊಂಡವರಿಗೆ ಇದೆಲ್ಲ ಹೇಳಿಕೊಡಬೇಕಾ? ಮಧ್ಯಾಹ್ನದ ಹೊತ್ತಿಗೆ ಹೊಟ್ಟೆ ಬೆಚ್ಚಗಾಯಿತು. ಪಕ್ಕದ ಮನೆಯವರು ಬೆಕ್ಕಿನ ಬಿಸ್ಕತ್ತು ಕೊಟ್ಟರು. ಸ್ವಲ್ಪ ಹೊತ್ತು ಸದ್ದೇ ಇರಲಿಲ್ಲ, ಆಮೇಲೆ ಬಾಗಿಲ ಆಚೆಗೂ ಕೇಳುವ ಹಾಗೆ ಕಟಕಟ ಅಂತ ಅಗಿಯುವ ಸದ್ದು.

ಸೊಸೈಟಿಗೆ ಫೋನ್ ಮಾಡಿದೆ, ಹತ್ತಿರದಲ್ಲೇ ಆರೈಕೆ ಮಾಡುವ ಒಬ್ಬರ ನಂಬರ್ ಕೊಟ್ಟರು. ನಮ್ಮವರೇ ಕಾರಿನಲ್ಲಿ ಹೀಟರ್ ಹಾಕಿಕೊಂಡು, ರೇಡಿಯೋ ಆಫ್ ಮಾಡಿ, ಬ್ಯಾಗ್ ಸಮೇತ ತಲುಪಿಸಿ ಬಂದರು. ಹೆಣ್ಣು ಮರಿಯಂತೆ. ನೀರು ಕಡಿಮೆಯಾಗಿ ಒಣಗಿತ್ತಂತೆ, ಹುಳ ಇದೆಯಾ ಅಂತ ಪರೀಕ್ಷೆ ಮಾಡುತ್ತಾರಂತೆ. ಇವತ್ತಿನ ರಾತ್ರಿ, ನಾಳೆ ಕಳೆದರೆ ಧೈರ್ಯ ಅಂದರು.

ಇನ್ನೆರಡು ಪ್ರಶ್ನೆ ಇದೆ. ಪಕ್ಕದ ಮನೆಯ ತಾತ ಹಿತ್ತಲ ಮೂಲೆಯಲ್ಲಿ ಎಲೆ, ಕೊಂಬೆ ರಾಶಿ ಹಾಕಿದ್ದಾರೆ. ದೀಪಾವಳಿ, ಇಲ್ಲಿಯವರು ಬೆಂಕಿ ಹಚ್ಚಿ ಆಚರಿಸುವ ಬಾನ್‌ಫೈರ್ ನೈಟ್ ಎರಡೂ ಆಯಿತು, ಆದರೂ ಮುಂದಿನ ವಾರ ಸುಡುತ್ತೇನೆ ಅನ್ನುತ್ತಿದ್ದಾರೆ. ಅದರೊಳಗೆ ಇನ್ನೊಂದು ಮಲಗಿದ್ದರೆ? ಮತ್ತೆ, ಈ ಮರಿಯನ್ನು ವಾಪಸ್ ನಮ್ಮ ಹಿತ್ತಲಿಗೇ ಬಿಡುತ್ತಾರಾ? ನಾವು ಏನು ಸಿದ್ಧ ಮಾಡಿಕೊಳ್ಳಬೇಕು?

ತಿಪ್ಪಗೊಂಡನಹಳ್ಳಿ
ಶನಿವಾರ, ಸಂಜೆ 7:15

ಓದಿ ಖುಷಿಯಾಯಿತು ಮಾನಸ ಅವರೇ. ನಾನು ಬೆಂಗಳೂರಿನಲ್ಲಿರುವುದು, ಕುತೂಹಲಕ್ಕೆ ಕೇಳುತ್ತಿದ್ದೇನೆ. ಈ ಪ್ರಾಣಿ ನಮ್ಮ ಕಡೆ ಇದೆಯಾ?

ಹಿತ್ತಲಮನೆ, ಶೆಫೀಲ್ಡ್
ಶನಿವಾರ, ರಾತ್ರಿ 8:30

ಅತ್ತೆಯವರ ಕೈಗೆ ನನ್ನ ನಮಸ್ಕಾರ. 240 ಗ್ರಾಂ ಮರಿ ಅಗಿದು ತಿಂದಿದೆ ಅಂದರೆ ತುಂಬ ಒಳ್ಳೆಯ ಲಕ್ಷಣ. ಆದರೂ ಮಗಳಿಗೆ ನಿಜ ಹೇಳಿಡಿ, ಬಂದವೆಲ್ಲ ಉಳಿಯುವುದಿಲ್ಲ. ಉಳಿಯದಿದ್ದರೂ ಅದು ಚಳಿಯಲ್ಲಿ ಒಂಟಿಯಾಗಿ ಸಾಯಲಿಲ್ಲ.

ತಿಪ್ಪಗೊಂಡನಹಳ್ಳಿ ಅವರೇ, ಇದೇ ಜಾತಿ ನಮ್ಮ ದೇಶದಲ್ಲಿ ಇಲ್ಲ, ಅದರ ನೆಂಟರು ಇದ್ದಾರೆ. ರಾಜಸ್ಥಾನ, ಗುಜರಾತಿನ ಒಣನೆಲದಲ್ಲಿ ಒಂದೆರಡು ಜಾತಿ. ದಕ್ಷಿಣದಲ್ಲಿ ತಮಿಳುನಾಡಿನ ಕುರುಚಲು ಕಾಡು, ಹೊಲದ ಬದುಗಳಲ್ಲಿ ಮದ್ರಾಸ್ ಹೆಡ್ಜ್‌ಹಾಗ್ ಅಂತ ಒಂದಿದೆ. ಮಕ್ಕಳ ಕೆಮ್ಮಿಗೆ ಔಷಧ ಅಂತ ಅದರ ಮುಳ್ಳನ್ನು ಬಳಸುವವರೂ ಇದ್ದಾರೆ, ಅದಕ್ಕೆ ಹಿಡಿಯುತ್ತಾರೆ. ದಯವಿಟ್ಟು ಯಾರಿಗಾದರೂ ಕಂಡರೆ ಅರಣ್ಯ ಇಲಾಖೆಗೆ ತಿಳಿಸಿ.

ಮಾನಸ ಅವರೇ, ಎಲೆ ರಾಶಿಯ ವಿಷಯವನ್ನು ಸುಮ್ನೆ ಬಿಡಬೇಡಿ. ನಿದ್ದೆಗೆ ಹೋಗಿರುವ ಹೆಡ್ಜ್‌ಹಾಗ್‌ಗೆ ಹೊಗೆ ಬಂದ ಕೂಡಲೇ ಎದ್ದು ಓಡಲು ಆಗುವುದಿಲ್ಲ. ಬೆನ್ನ ಮೇಲ್ಭಾಗದಲ್ಲಿ ಒಂದು ಬಗೆಯ ಕಂದು ಕೊಬ್ಬು ಇರುತ್ತದೆ. ಅದನ್ನು ಸುಟ್ಟು ಮೈಯನ್ನು ಮತ್ತೆ ಬಿಸಿ ಮಾಡಿಕೊಂಡ ಮೇಲೆಯೇ ಕಾಲು ಆಡುವುದು. ಅದಕ್ಕೆ ತಾಸುಗಟ್ಟಲೆ ಬೇಕು. ಬೆಂಕಿ ಅಷ್ಟು ಹೊತ್ತು ಕಾಯುವುದಿಲ್ಲ. ತಾತನ ಹತ್ತಿರ ಹೋಗಿ ಮಾತಾಡಿ. ಇಲ್ಲಿಯ ಹಿರಿಯರಿಗೆ ಹೆಡ್ಜ್‌ಹಾಗ್ ಅಂದರೆ ಬಹಳ ಪ್ರೀತಿ, ಅವರ ಚಿಕ್ಕಂದಿನಲ್ಲಿ ಎಲ್ಲೆಲ್ಲೂ ಇದ್ದವು. ಈಗ ಬ್ರಿಟನ್ನಿನ ಕೆಂಪು ಪಟ್ಟಿಯಲ್ಲಿ, 2020ರಿಂದ, ಅಳಿವಿನ ಅಪಾಯ ಇರುವ ಸಸ್ತನಿಗಳ ಸಾಲಿಗೆ ಸೇರಿದೆ. ಇವತ್ತಿನ ಮರಿಯ ಕಥೆ ಹೇಳಿದರೆ ಅವರೇ ರಾಶಿಯನ್ನು ಮಾರ್ಚ್ ಕಳೆಯುವ ತನಕ ಹಾಗೇ ಬಿಡಬಹುದು. ಅದೇ ಎಲ್ಲಕ್ಕಿಂತ ಒಳ್ಳೆಯದು. ಸುಡಲೇಬೇಕು ಅಂದರೆ, ಸುಡುವ ದಿನವೇ ಕೊಂಬೆಗಳನ್ನು ಒಂದೊಂದಾಗಿ ಕೈಯಲ್ಲಿ ಎತ್ತಿ ಖಾಲಿ ಜಾಗಕ್ಕೆ ಹಾಕಿಕೊಂಡು, ಅಲ್ಲಿ ಬೆಂಕಿ ಹಚ್ಚಬೇಕು. ಕವೆಗೋಲು, ಸಲಿಕೆ ಚುಚ್ಚಿ ನೋಡುವುದು ಬೇಡ.

ಎತ್ತುವಾಗ ಗೂಡು ಸಿಕ್ಕಿ, ಒಳಗೆ ಬಿಗಿಯಾದ ಮುಳ್ಳುಂಡೆ ಇದ್ದರೆ ಅದನ್ನು ಮುಟ್ಟದೆ ಎಲೆಗಳನ್ನು ಹಾಗೇ ಮತ್ತೆ ಮುಚ್ಚಿ, ಸುಡುವ ಮಾತು ಬಿಟ್ಟುಬಿಡಿ. ನಿಮ್ಮ ಯಜಮಾನರು ಹೇಳಿದ ಮಾತು ಅಲ್ಲಿಗೆ ಸರಿಯಾಗಿ ಹೊಂದುತ್ತದೆ. ಗಲಾಟೆಗೆ ಎದ್ದುಬಿಟ್ಟರೆ ಇರಲಿ ಅಂತ ಹತ್ತಿರದಲ್ಲಿ ನೀರು, ಬೆಕ್ಕಿನ ಬಿಸ್ಕತ್ತು ಇಡಿ. ಒಂದು ಸಲ ಎದ್ದರೆ ಕೂಡಿಟ್ಟ ಕೊಬ್ಬು ತುಂಬ ಖರ್ಚಾಗುತ್ತದೆ.

ನಿಮ್ಮ ಮರಿಯನ್ನು ಸಾಮಾನ್ಯವಾಗಿ ಸಿಕ್ಕಿದ ಜಾಗಕ್ಕೇ ಬಿಡುತ್ತಾರೆ, ಜಾಗ ಸರಿಯಿದ್ದರೆ. ಹಾಗಾಗಿ ಎಲ್ಲಿ ಸಿಕ್ಕಿತು ಅಂತ ವಿಳಾಸ ಅವರ ಬಳಿ ಸರಿಯಾಗಿ ಬರೆಸಿ. ಕೆಲವರು ತೂಕ ಬಂದ ಮೇಲೆ ಚಳಿ ಕಡಿಮೆ ಇರುವ ದಿನ ನೋಡಿ ಚಳಿಗಾಲದ ನಡುವೆಯೇ ಬಿಡುತ್ತಾರೆ, ಕೆಲವರು ವಸಂತದ ತನಕ ಇಟ್ಟುಕೊಳ್ಳುತ್ತಾರೆ. ಅವರ ಮಾತಿನಂತೆ ನಡೆಯಿರಿ.

ಅಷ್ಟರೊಳಗೆ ಬೇಲಿಯ ಬುಡದಲ್ಲಿ 13 ಸೆಂಟಿಮೀಟರ್ ಅಗಲ, ಅಷ್ಟೇ ಎತ್ತರದ ಕಿಂಡಿ ಕೊಯ್ದಿಡಿ. ಸಾಕಿದ ನಾಯಿಗಳಿಗೆ ಸಾಮಾನ್ಯವಾಗಿ ಅದರಲ್ಲಿ ನುಸುಳಲು ಆಗುವುದಿಲ್ಲ, ಹೆಡ್ಜ್‌ಹಾಗ್‌ಗೆ ಧಾರಾಳ. ಇವು ಒಂದೇ ರಾತ್ರಿಯಲ್ಲಿ ಒಂದೆರಡು ಕಿಲೋಮೀಟರ್ ಸುತ್ತುತ್ತವೆ, ಒಂದು ಹಿತ್ತಲು ಯಾವ ಮೂಲೆಗೂ ಸಾಲುವುದಿಲ್ಲ. ತಾತನ ಬೇಲಿಗೂ ನಿಮ್ಮ ಬೇಲಿಗೂ ಕಿಂಡಿ ಆದರೆ ಎರಡು ಹಿತ್ತಲು ಸೇರಿದ ಹಾಗಾಯಿತು. ಆ ಕಡೆಯ ಮನೆಯವರನ್ನೂ ಕೇಳಿ ನೋಡಿ. ಗೊಂಡೆಹುಳಕ್ಕೆ (ಸ್ಲಗ್) ಹಾಕುವ ಹಳೇ ವಿಷದ ಗುಳಿಗೆ ಶೆಡ್‌ನಲ್ಲಿ ಉಳಿದಿದ್ದರೆ ಹೊರಗೆ ಹಾಕಬೇಡಿ. ಮೆಟಾಲ್ಡಿಹೈಡ್ ಇರುವ ಗುಳಿಗೆಗಳನ್ನು ತೋಟಕ್ಕೆ ಬಳಸುವುದು 2022ರ ಮಾರ್ಚ್ ಕೊನೆಯಿಂದ ಇಲ್ಲಿ ನಿಷೇಧ. ಕೌನ್ಸಿಲ್‌ನ ಕಸದ ಕೇಂದ್ರಕ್ಕೆ ಕೊಟ್ಟುಬಿಡಿ.

ನಾಳೆ ಬೆಳಗ್ಗೆ ಅವರಿಗೆ ಫೋನ್ ಮಾಡಿದ ಮೇಲೆ ಇಲ್ಲಿ ಒಂದು ಸಾಲು ಬರೆಯಿರಿ. ಹುಳದ ಪರೀಕ್ಷೆಯಲ್ಲಿ ಏನು ಬಂತು ಅನ್ನುವುದನ್ನೂ ಕೇಳಿ.